ಹಿಗ್ಗಿನ ಸಾಲಿಯ ಮುಯ್ಯಿ

ಮಘಾ ಮಳೆ ಬಿಡುವು ಕೊಟ್ಟಿತ್ತು. ಊರಿಗೆ ಊರೇ ಹೊಲದಲ್ಲಿತ್ತು. ಹೆಸರುಕಾಯಿ ಕಪ್ಪಾಗಿ ಒಣಗಿ ನಿಂತಿದ್ದವು. ಬಿಸಿಲು ಬಲಿತರೆ ಗಿಡದಲ್ಲೇ ಸಿಡಿದು ಕಾಳು ನೆಲದ ಪಾಲು, ಮಳೆ ಬಂದರೆ ಗಿಡದಲ್ಲೇ ಮೊಳಕೆ. ಹಾಗಾಗಿ ಇಬ್ಬನಿ ಆರುವ ಮೊದಲೇ ಹೆಂಗಸರು ಸೆರಗನ್ನು ಉಡಿ ಕಟ್ಟಿಕೊಂಡು ಸಾಲು ಹಿಡಿದಿದ್ದರು. ಎರೆ ನೆಲ ಇನ್ನೂ ಹಸಿಯಾಗಿತ್ತು. ಕಾಲಿಗೆ ಮಣ್ಣು ಮೆತ್ತಿ, ಹೆಜ್ಜೆ ಎತ್ತಿದಾಗೆಲ್ಲ ಕಾಲು ಮತ್ತಷ್ಟು ಭಾರವಾಗುತ್ತಿತ್ತು.

ದ್ರಾಕ್ಷಾಯಿಣಿ ಬಿಡಿಸುತ್ತಿದ್ದದ್ದು ತನ್ನ ಹೊಲದ ಹೆಸರಲ್ಲ, ಫಕೀರವ್ವನದು. ದ್ರಾಕ್ಷಾಯಿಣಿಯ ಸ್ವಂತದ್ದು ಹಳ್ಳದ ಆಚೆ ದಂಡೆಗೆ, ಒಂದೂವರೆ ಎಕರೆ. ಅಲ್ಲಿ ಕಾಯಿ ಇದಕ್ಕಿಂತ ಕಪ್ಪಾಗಿದ್ದವು. ಹಿಂದಿನ ಸಂಜೆ ಹೋಗಿ ನೋಡಿ ಬಂದಿದ್ದಳು. ಒಂದು ಕಾಯಿಯನ್ನು ಬೆರಳಲ್ಲಿ ಹಿಡಿದದ್ದೇ ತಡ, ಅದು ತಾನಾಗಿ ತಿರುಚಿಕೊಂಡು ಒಡೆದು ಕಾಳು ಅಂಗೈಯಲ್ಲಿ ಚೆಲ್ಲಿತ್ತು.

“ದ್ರಾಕ್ಷವ್ವಾ, ಕೈ ಸಾವಕಾಶ ಆದವಲ್ಲ” ಎಂದಳು ಪಕ್ಕದ ಸಾಲಿನಿಂದ ಫಕೀರವ್ವ. ಅರವತ್ತು ದಾಟಿದ ಮುದುಕಿ, ಓಣಿಯ ಸೊಸೆಯಂದಿರಿಗೆಲ್ಲ ಅತ್ತಿ. ಆದರೂ ಅವಳ ಉಡಿ ಎಲ್ಲರಿಗಿಂತ ಮೊದಲು ತುಂಬುತ್ತಿತ್ತು.

“ಸೊಂಟ ಹಿಡದೈತತ್ತಿ.”

“ಸೊಂಟ ಹಿಡದೈತಿ ಅನಬಾರದು. ನೀನ ಹೇಳಿಕೊಟ್ಟೀಯಲ್ಲ. ಇವತ್ತ ನನ್ನ ಸೊಂಟ ಇಷ್ಟರ ಬಾಗತೈತಿ, ಅದ ನನ್ನ ಪುಣ್ಯಾ, ಅನಬೇಕು.”

ಹಿಂದಿನ ಸಾಲಿನಲ್ಲಿದ್ದ ಸಂಗವ್ವ ಕಿಸಕ್ಕನೆ ನಕ್ಕಳು. ಅವಳು ಫಕೀರವ್ವನ ಸೊಸೆ. ದ್ರಾಕ್ಷಾಯಿಣಿಗೂ ನಗು ಬಂತು, ಆದರೆ ಚೆನ್ನಾಗಿ ನಗಬೇಕಾದರೆ ಸೊಂಟ ನೆಟ್ಟಗೆ ಮಾಡಬೇಕಾಗಿತ್ತು. ಬಿಟ್ಟಳು.

ಹೋದ ವರ್ಷ ಮುಂಗಾರಿನ ಹೊತ್ತಿಗೆ ಧಾರವಾಡದ ಒಂದು ಸಂಸ್ಥೆಯವರು ಊರಿಗೆ ಬಂದಿದ್ದರು. ಹೆಣ್ಣುಮಕ್ಕಳ ಮನಸ್ಸು ಕೆಟ್ಟು ಕೂಡುವ ಮೊದಲೇ ಅದನ್ನು ಗಟ್ಟಿ ಮಾಡುವುದು ಅವರ ಕೆಲಸ. ಗುಳಿಗೆಯಿಲ್ಲ, ಸೂಜಿಯಿಲ್ಲ, ಡಾಕ್ಟರಿಲ್ಲ. ವಾರಕ್ಕೊಮ್ಮೆ ಸಮುದಾಯ ಭವನದಲ್ಲಿ ಒಂದು ತಾಸು ಕೂಡುವುದು. ಆ ವಾರ ನಡೆದ ಒಳ್ಳೆಯ ಸಂಗತಿ ಮೂರು ಹೇಳುವುದು. ಯಾರದಾದರೂ ಉಪಕಾರ ನೆನೆಯುವುದು. ಕಣ್ಣು ಮುಚ್ಚಿ ಉಸಿರಿನ ಮೇಲೆ ನಿಗಾ ಇಡುವುದು. ತನ್ನಲ್ಲಿರುವ ಒಂದು ಒಳ್ಳೆಯ ಗುಣವನ್ನು ನಾಚದೆ ಹೇಳುವುದು. ಅವರು ಅದಕ್ಕೆ ಇಟ್ಟ ಹೆಸರು ಹಿಗ್ಗಿನ ಬಳಗ. ಊರವರ ಬಾಯಲ್ಲಿ ಅದು ಹಿಗ್ಗಿನ ಸಾಲಿ, ಅಂದರೆ ಹಿಗ್ಗಿನ ಶಾಲೆ, ಆಯಿತು. ಪಿಯುಸಿ ಓದಿದ ಸೊಸೆ ಎಂದು ದ್ರಾಕ್ಷಾಯಿಣಿಯನ್ನು ಸಖಿಯಾಗಿ ಆರಿಸಿದರು. ತಿಂಗಳಿಗೆ ಸ್ವಲ್ಪ ಗೌರವಧನ. ಗಂಡ ಮೈಲಾರಪ್ಪ ಅಮರಗೋಳದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಆ ಗೌರವಧನ ಬರತೊಡಗಿದ ಮೇಲೆ ಕಿರಾಣಿ ಅಂಗಡಿಯಲ್ಲಿ ಉದ್ರಿ ತರುವುದು ನಿಂತಿತ್ತು.

ಮೊದಲ ವಾರ ಭವನಕ್ಕೆ ಬಂದದ್ದು ನೆರಳಿಗೆ ಮಲಗುವ ಒಂದು ನಾಯಿ. ಎರಡನೆಯ ವಾರ ನಾಯಿಯೂ ಬರಲಿಲ್ಲ. ದ್ರಾಕ್ಷಾಯಿಣಿ ಮನೆಮನೆಯ ಬಾಗಿಲಿಗೆ ಹೋಗಿ ನಿಂತಳು. “ಒಂದು ತಾಸು ನನ್ನ ಸಲುವಾಗಿ ಬರ್ರಿ” ಎಂದು ಕೇಳಿಕೊಂಡಳು.

ತಪ್ಪಾದದ್ದು ಅಲ್ಲಿ. ಈ ಊರಲ್ಲಿ ಒಬ್ಬಳು ಇನ್ನೊಬ್ಬಳ ಬಾಗಿಲಲ್ಲಿ ನಿಂತು ನನ್ನ ಸಲುವಾಗಿ ಬಾ ಎಂದರೆ ಅದು ಮುಯ್ಯಾಳು ಕರೆದ ಹಾಗೆ. ಇವತ್ತು ನೀನು ನನ್ನ ಹೊಲಕ್ಕೆ ಬಂದು ದುಡಿ, ನಾಳೆ ನಾನು ನಿನ್ನ ಹೊಲಕ್ಕೆ ಬಂದು ದುಡಿದು ತೀರಿಸುತ್ತೇನೆ. ನಡುವೆ ಕೂಲಿಯಿಲ್ಲ, ಬರವಣಿಗೆಯಿಲ್ಲ, ಮರೆಯುವುದೂ ಇಲ್ಲ. ಗಂಡಸರ ನಡುವಿನ ಎಷ್ಟೋ ಮಾತು ಹುಬ್ಬಳ್ಳಿ ಕೋರ್ಟಿನವರೆಗೆ ಹೋಗಿವೆ, ಹೆಂಗಸರ ಮುಯ್ಯಿ ಮಾತ್ರ ಊರ ಬಾವಿಯನ್ನೂ ದಾಟಿಲ್ಲ. ಮದುವೆಯಾಗಿ ಬಂದ ದಿನದಿಂದ ಇದನ್ನು ನೋಡಿದ್ದ ದ್ರಾಕ್ಷಾಯಿಣಿಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಅವಳ ತಲೆಯಲ್ಲಿ ಖಾಲಿ ಭವನ ಇತ್ತು.

ಫಕೀರವ್ವ ಸೊಸೆಯನ್ನು ಕರೆದುಕೊಂಡು ಬಂದಳು. ಗೋಡೆಗೆ ಒರಗಿ ಕೂತಳು. ಕಣ್ಣು ಮುಚ್ಚೆಂದರೆ ಮುಚ್ಚಿದಳು. ಒಳ್ಳೆಯದು ಮೂರು ಹೇಳೆಂದರೆ, “ಎಮ್ಮಿ ಒದೀಲಿಲ್ಲ, ನಳಾ ಬಂತು, ನನ್ನ ಗಂಡ ಬಾಯಿ ತಗೀಲಿಲ್ಲ” ಎಂದಳು. ಕೆಲವು ವಾರ ಹೀಗೆ ಕೂತ ಮೇಲೆ ಒಂದು ದಿನ ಹೊತ್ತು ಮೂಡುವಾಗ ಬಂದು ಬಾಗಿಲಲ್ಲಿ ನಿಂತಳು.

“ನಾಳಿ ನಮ್ಮ ಶೇಂಗಾದಾಗ ಕಸಾ ತಗಿಯೂದೈತಿ. ನಮ್ಮ ಮನಿಯವು ಎರಡಾಳು ಕುಂತಾವು. ಬರ್ತಿಯಲ್ಲ?”

ಅರ್ಥವಾಗಲು ದ್ರಾಕ್ಷಾಯಿಣಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಅಲ್ಲ ಎಂದರೆ ಮುಂದಿನ ವಾರ ಮತ್ತೆ ಖಾಲಿ ಭವನ, ಧಾರವಾಡಕ್ಕೆ ಖಾಲಿ ಭವನದ ಫೋಟೋ. ಹೋದಳು. ಅವಳು ಹೋದದ್ದನ್ನು ನೋಡಿ ಉಳಿದವರೂ ಬಂದು ಕೂತರು. ಕೂತವರ ಹೊಲಕ್ಕೆಲ್ಲ ಅವಳು ಹೋದಳು. ಕಳೆ ತೆಗೆದಳು, ಮೆಣಸಿನಕಾಯಿ ಬಿಡಿಸಿದಳು, ಜೋಳ ಕೊಯ್ದಳು, ಕಡಲೆ ಕಿತ್ತಳು. ಇಷ್ಟು ಸಲ ಕೂತರೆ ಇಷ್ಟು ದುಡಿಮೆ ಎಂಬ ಲೆಕ್ಕವನ್ನು ಹೆಂಗಸರೇ ಮಾಡಿದರು, ನ್ಯಾಯವಾಗಿಯೇ ಮಾಡಿದರು. ಒಂದು ಹೊತ್ತು ಹೆಚ್ಚು ಕೇಳಿದವರಿಲ್ಲ. ದುಡಿಯುವಾಗ ರೊಟ್ಟಿ, ಖಾರದ ಹಿಂಡಿ, ಮಜ್ಜಿಗೆಗೆ ಕೊರತೆ ಮಾಡಿದವರೂ ಇಲ್ಲ. ಭವನ ತುಂಬಿತು. ಧಾರವಾಡದವರು ಫೋಟೋ ನೋಡಿ ಹಿಗ್ಗಿದರು.

ಅದರ ಇನ್ನೊಂದು ಮಗ್ಗುಲು ಅವಳಿಗೆ ಕಂಡದ್ದು ಈಗ, ಹೆಸರು ಕಪ್ಪಾದ ಮೇಲೆ. ತನ್ನ ಹೊಲಕ್ಕೆ ಕರೆಯೋಣವೆಂದರೆ ಊರಲ್ಲಿ ಅವಳಿಗೆ ಬರಬೇಕಾದ ಮುಯ್ಯಿ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಕೊಡಬೇಕಾದದ್ದೇ. ಹೆಸರಿನ ದಿನಗಳಲ್ಲಿ ಕೂಲಿಗೆ ಆಳು ಹುಡುಕುವುದೆಂದರೆ ಜಾತ್ರೆಯಲ್ಲಿ ಕಳೆದ ಚಪ್ಪಲಿ ಹುಡುಕಿದಂತೆ. ಫಕೀರವ್ವನ ಮನೆಯದು ಇವತ್ತು ತೀರುತ್ತದೆ, ನಾಳೆ ತನ್ನ ಹೊಲಕ್ಕೆ ಹೋಗಬಹುದು ಎಂದುಕೊಂಡು ಬೆಳಿಗ್ಗೆ ಬಂದಿದ್ದಳು. ನಾಳೆಯವರೆಗೆ ಮಳೆ ತಡೆಯಬೇಕು, ಅಷ್ಟೇ.

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಗುಂಯ್ಗುಟ್ಟಿತು. ಮೈಲಾರಪ್ಪ.

“ಹಲೋ, ಹಿಗ್ಗಿನ ಅಕ್ಕೋರೇನ್ರಿ?”

“ಹೇಳು ಲಗೂ. ಕೈಯೆಲ್ಲಾ ಮಣ್ಣಾಗೇತಿ.”

“ಇಲ್ಲಿ ಹಸಿ ಹೆಸರು ಯಾರೂ ಮುಟ್ಟವಲ್ರು. ಒಣಗಿದ್ದಕ್ಕಷ್ಟ ರೇಟು. ಕುಂದಗೋಳ ಕಡೆ ಮೋಡ ಹಾಕೇತಂತ, ಗಾಡಿಯವ್ರು ಅನ್ನಾಕತ್ತಾರ. ನಮ್ಮ ಹೊಲಾ ಹೆಂಗೈತಿ?”

“ನಿಂತೈತಿ.”

“ನಿಂತೈತಿ ಅಂದ್ರ?”

“ಇವತ್ತ ಅತ್ತೀದು ತೀರಸ್ತೇನಿ. ನಾಳಿ ಹೋಗ್ತೇನಿ.”

ಆಚೆ ಕಡೆ ಯಾರೋ ಚೀಲ ಕೆಡವಿದ ಸದ್ದು. “ನಾ ಬರ್ಲೇನು?”

“ಬ್ಯಾಡ. ಸುಗ್ಗ್ಯಾಗ ನೀ ಬಿಟ್ರ ನಿನ್ನ ಪಾಳಿ ಇನ್ನೊಬ್ಬಂವಗ ಕೊಡ್ತಾರ.”

“ನಿಮ್ಮ ಸಾಲ್ಯಾಗ ಕಲ್ಸಿದ್ದು ಹೇಳ್ಲೇನು? ಮೂರು ಛಲೋದ್ದು. ಒಂದು, ನನ್ನ ಹೇಣ್ತಿ ಊರಿಗೆಲ್ಲಾ ಬೇಕಾದಾಕಿ.”

“ಇನ್ನೆರಡು?”

“ಇನ್ನೆರಡು ಸಿಗವಲ್ಲವು” ಎಂದು ಫೋನು ಇಟ್ಟ.

ಹೊತ್ತು ನೆತ್ತಿಗೆ ಬರುವ ಮುಂಚೆ ಮಾನಸಿ ಬಂದಳು. ಸ್ಕೂಟಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದು ಬರುತ್ತಿದ್ದಳು. ಸಂಸ್ಥೆಯವರು ಅವಳನ್ನು ಗೊತ್ತುಮಾಡಿದ್ದು ಒಂದು ಲೆಕ್ಕಕ್ಕೆ: ಈ ಬಳಗಕ್ಕೆ ಸುರಿದ ಖರ್ಚೆಷ್ಟು, ಅದರಿಂದ ಹೆಣ್ಣುಮಕ್ಕಳ ಮನಸ್ಸಿಗೆ ಆದ ಹಿತವೆಷ್ಟು, ಎರಡೂ ಒಂದಕ್ಕೊಂದು ತೂಗುತ್ತವೆಯೇ ಎಂದು. ಧಾರವಾಡದ ಸಪ್ತಾಪುರದಲ್ಲಿ ಅವಳ ಹಳೆಯ ಮನೆ, ತಂದೆ ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ಅವಳಿಗೆ ಮಾತ್ರ ಪಾಠದ ಕೆಲಸ ವರ್ಷದಿಂದ ವರ್ಷಕ್ಕೆ ಕರಾರಿನದು. ನಡುವೆ ಇಂಥ ಕೆಲಸ ಹಿಡಿಯುತ್ತಿದ್ದಳು. ಊರಿಗೆ ಮೂರ್ನಾಲ್ಕು ಸಲ ಬಂದು ಹೋದ ಗುರುತಿತ್ತು. ಎಲ್ಲರೂ ಅವಳನ್ನು ಅಕ್ಕೋರ ಎನ್ನುತ್ತಿದ್ದರು.

“ಭವನದಾಗ ಯಾರೂ ಇರಲಿಲ್ಲ. ಅದಕ್ಕ ಹುಡುಕಿಕೋತ ಇಲ್ಲೇ ಬಂದೆ” ಎಂದಳು.

“ಹೆಸರಿನ ದಿನಾ ಅಲ್ರಿ ಅಕ್ಕೋರ. ನಾನ ಫೋನ್ ಮಾಡಬೇಕಿತ್ತು. ತಲಿಗೆ ಬರಲಿಲ್ಲ.”

“ಇರ್ಲಿ. ನೀವು ನಿಮ್ಮ ಕೆಲಸಾ ಮಾಡ್ಕೋತ ಇರ್ರಿ. ನಾ ಇಲ್ಲೇ ಕೂತು ಕೇಳ್ತೀನಿ.”

ಅದು ಹೇಳಿದಷ್ಟು ಸುಲಭವಿರಲಿಲ್ಲ. ಸಾಲು ಮುಂದೆ ಹೋದಂತೆ ಅವಳೂ ಬದುವಿನ ಮೇಲೆ ಸರಿದು ಸರಿದು ಕೂಡಬೇಕಾಯಿತು. ಕಡೆಗೆ ಫಕೀರವ್ವನೇ ಸೊಂಟಕ್ಕೆ ಕೈಕೊಟ್ಟು ಎದ್ದು, “ಹಿಂಗ ಕಪ್ಪಿಯಂಗ ಜಿಗದ್ರ ನಿಮ್ಮ ಕೆಲಸಾನೂ ಆಗೂದಿಲ್ಲ, ನಮ್ಮದೂ ಆಗೂದಿಲ್ಲ” ಎಂದು ಸೊಸೆಯನ್ನೂ ಕರೆದು ಬದುವಿನ ಮೇಲೆ ಬಂದು ಕೂತಳು. ದ್ರಾಕ್ಷಾಯಿಣಿ ಒಬ್ಬಳೇ ಕಾಯಿ ಬಿಡಿಸುತ್ತ ಉಳಿದಳು. ಸಖಿಯನ್ನು ಕೇಳುವ ಪ್ರಶ್ನೆ ಮಾನಸಿಯ ಕೆಲಸದಲ್ಲಿ ಇರಲಿಲ್ಲ.

“ನಿಮ್ಮೂರು ನಮ್ಮ ಮಂದಿಗೆ ಒಗಟಾಗ್ಯದ ನೋಡ್ರಿ” ಎಂದು ಮಾನಸಿ ಶುರು ಮಾಡಿದಳು. “ಉಳದ ಐದೂ ಊರಾಗ ಬಳಗಕ್ಕ ಬರವರು ಬರಬರ್ತ ಅರ್ಧಾ ಆದ್ರು. ಇಲ್ಲಿ ಮಾತ್ರ ಒಬ್ಬರೂ ಬಿಟ್ಟಿಲ್ಲ. ಅದು ಹೆಂಗ ಅಂತ ತಿಳಕೊಂಡು ಬಾ ಅಂದಾರ.”

ದ್ರಾಕ್ಷಾಯಿಣಿಯ ಕೈ ಒಂದು ಗಿಡದ ಮೇಲೆ ನಿಂತಿತು. ಮತ್ತೆ ಮುಂದೆ ಹೋಯಿತು.

“ಮೊದಲು ಇದು ಹೇಳ್ರಿ ಆಯಿ. ನಿಮ್ಮ ಮನಸ್ಸಿನ ಸಮಾಧಾನ ಹತ್ತರಾಗ ಎಷ್ಟು? ಏನೂ ಇಲ್ಲಂದ್ರ ಸೊನ್ನಿ, ತುಂಬಿ ತುಳುಕ್ತದ ಅಂದ್ರ ಹತ್ತು.”

“ಹೆಸರು ಇವತ್ತ ಮನಿ ಮುಟ್ಟಿದ್ರ ಎಂಟು. ನಡಕ ಮಳಿ ಬಂತಂದ್ರ ನೀವ ತಿಳದಷ್ಟು ಬರಕೋರಿ.”

“ಹೋದ ವರ್ಷ ಮೂರು ಅಂದಿದ್ರಿ.”

“ಹೋದ ವರ್ಷ ನೀವು ಯಾರಂತ ನನಗ ಗೊತ್ತಿರಲಿಲ್ಲ. ಗುರ್ತಿಲ್ಲದವ್ರಿಗೆ ಸಮಾಧಾನಾ ಜಾಸ್ತಿ ತೋರಸಬಾರದು.”

ಮಾನಸಿ ನಕ್ಕು ಸಂಗವ್ವನ ಕಡೆ ತಿರುಗಿದಳು. ಸಂಗವ್ವನ ತಮ್ಮ ಬೈಪಾಸ್ ರಸ್ತೆಯಲ್ಲಿ ಗಾಡಿ ಬಡಿದು ಹೋಗಿದ್ದ. ಅಂದಿನಿಂದ ಅವಳಿಗೆ ನಿದ್ದೆ ಹೋಗಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಕೂತುಬಿಡುತ್ತಿದ್ದಳು. ಬಳಗಕ್ಕೆ ಬಂದ ಮೊದಮೊದಲು ಅವಳ ಪಾಳಿ ಬಂದಾಗ ತಲೆ ಅಲ್ಲಾಡಿಸಿ ಪಕ್ಕದವರ ಕಡೆ ಕೈ ತೋರಿಸುತ್ತಿದ್ದಳು.

“ಈಗ ನಿದ್ದಿ ಹತ್ತತದೇನು?”

“ಹತ್ತತೈತ್ರಿ.”

“ಯಾವುದರಿಂದ ಹತ್ತಲಿಕ್ಕತ್ತು ಅಂತೀರಿ?”

ಸಂಗವ್ವ ಉಡಿಯೊಳಗಿನ ಕಾಯಿಯಲ್ಲಿ ಕೈಯಾಡಿಸುತ್ತ ಯೋಚಿಸಿದಳು. “ಮೂರು ಛಲೋದ್ದು ಹುಡುಕಬೇಕಲ್ರಿ ಮಲಕೊಂಡಾಗ. ಒಂದು ಸಿಗತೈತಿ. ಎರಡನೇದ್ದು ಹುಡುಕೂದ್ರಾಗ ಕಣ್ಣ ಮುಚ್ಚಿಬಿಡ್ತಾವು. ಮೂರನೇದ್ದಕ್ಕ ನಾ ಒಂದಿನಾನೂ ಹೋಗಿಲ್ರಿ.”

ದ್ರಾಕ್ಷಾಯಿಣಿಗೆ ಇದು ಗೊತ್ತಿರಲಿಲ್ಲ. ಬಾಗಿದಲ್ಲೇ ಕೇಳಿಸಿಕೊಂಡಳು. ಒಳಗೆ ಎಲ್ಲೋ ಒಂದು ಕಡೆ ತಂಪಾಯಿತು, ಮತ್ತೆ ಸೊಂಟ ಚಳಕು ಹಿಡಿಯಿತು.

“ಇನ್ನೊಂದ ಕೇಳೂದದ” ಎಂದಳು ಮಾನಸಿ. “ಬಳಗಕ್ಕ ಬರೂದಕ್ಕ ನಿಮಗೇನು ಲುಕ್ಸಾನು ಆತು? ಕೂಲಿ ತಪ್ಪಿತೇನು, ಹೊಲದ ಕೆಲಸಾ ಹಿಂದ ಬಿತ್ತೇನು?”

“ಲುಕ್ಸಾನ ಯಾಕಾಗ್ತೈತ್ರಿ?” ಎಂದಳು ಫಕೀರವ್ವ. “ನಾವು ಕುಂತದ್ದು ಕುಂತಂಗ ದ್ರಾಕ್ಷವ್ವ ತೀರಿಸಿಕೋತ ಬಂದಾಳ.”

“ಏನು ತೀರಿಸ್ಯಾರ?”

“ಮುಯ್ಯಿರಿ. ಅಕಿ ಕರದ್ಲು, ನಾವು ಹೋಗಿ ಕುಂತ್ವಿ. ನಾವು ಕರದ್ವಿ, ಅಕಿ ಬಂದು ದುಡದ್ಲು. ನಿಮ್ಮ ಧಾರವಾಡದಾಗ ಮುಯ್ಯಿ ಇಲ್ಲೇನು?”

ಮೊಬೈಲಿನ ಮೇಲೆ ಓಡುತ್ತಿದ್ದ ಮಾನಸಿಯ ಬೆರಳು ನಿಂತಿತು. “ನಿಮ್ಮ ಹೊಲಕ್ಕೊಂದ ಬಂದಾರೋ, ಎಲ್ಲಾರ ಹೊಲಕ್ಕೂ ಹೋಗ್ಯಾರೋ?”

“ಎಲ್ಲಾರ. ಒಬ್ಬರದೂ ಇಟ್ಟುಕೊಂಡಿಲ್ಲ ಅಕಿ. ಈ ಊರಾಗ ದ್ರಾಕ್ಷವ್ವನ ಮಾತಂದ್ರ ಮಾತು” ಎಂದು ಫಕೀರವ್ವ ತನ್ನ ಮಗಳನ್ನು ಹೊಗಳುವವಳ ಹಾಗೆ ಹೇಳಿದಳು.

ಸಾಲಿನಲ್ಲಿ ಬಾಗಿದ್ದವಳು ತಲೆ ಎತ್ತಲಿಲ್ಲ.

“ಒಂದು ದಿನಕ್ಕ ಈಗ ಕೂಲಿ ಎಷ್ಟು ನಡದದ ಆಯಿ?” ಎಂದು ಮಾನಸಿ ಮೆತ್ತಗೆ ಕೇಳಿದಳು.

“ಮುಯ್ಯಿಗೆ ರೊಕ್ಕಾ ಹಚ್ಚಬ್ಯಾಡ್ರಿ ಅಕ್ಕೋರ. ಛಲೋ ಅಲ್ಲ ಅದು.”

“ನನ್ನ ಕೆಲಸಾನ ಅದರಿ, ಸಿಕ್ಕದ್ದಕ್ಕೆಲ್ಲಾ ರೊಕ್ಕಾ ಹಚ್ಚೂದು.”

“ಹಂಗಾದ್ರ ನಿಮ್ಮದೂ ಸುಖದ ಕೆಲಸಾ ಅಲ್ಲ ಬಿಡ್ರಿ” ಎಂದು ಫಕೀರವ್ವ ಎದ್ದು ಸೀರೆ ಜಾಡಿಸಿಕೊಂಡಳು. ಸಂಗವ್ವನೂ ಎದ್ದಳು. ಇಬ್ಬರೂ ಮತ್ತೆ ಸಾಲು ಹಿಡಿದರು.

ನೀರಿನ ಕೊಡ ಬದುವಿನ ಬೇವಿನ ಮರದ ಕೆಳಗಿತ್ತು. ದ್ರಾಕ್ಷಾಯಿಣಿ ಮಾನಸಿಯನ್ನು ಅಲ್ಲಿಗೆ ಕರೆದೊಯ್ದು ತಂಬಿಗೆಯಲ್ಲಿ ನೀರು ಕೊಟ್ಟಳು. ತಾನೂ ಕುಡಿದು, ಮರಕ್ಕೆ ಬೆನ್ನು ಹಚ್ಚಿ ನಿಂತಳು. ಕೂತರೆ ಏಳುವುದು ಕಷ್ಟ ಎಂದು ಗೊತ್ತಿತ್ತು.

“ನನಗ್ಯಾಕ ಹೇಳಲಿಲ್ಲ?” ಎಂದಳು ಮಾನಸಿ. ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ.

“ಏನಂತ ಹೇಳ್ಲಿರಿ? ಹೇಳಿದ್ರ ಇದೆಲ್ಲಾ ಸುಳ್ಳ ಅನ್ನಂಗ ಆಕ್ಕಿತ್ತು.”

“ಸುಳ್ಳಲ್ಲ. ಆ ಹುಡಿಗಿ ನಿದ್ದಿ ಸುಳ್ಳಲ್ಲ. ಆದ್ರ ಅದು ಬಳಗದಾಗ ಕೂತದ್ದಕ್ಕ ಬಂತೋ, ನೀವು ಹೊಲಕ್ಕ ಬಂದು ಕೈ ಹಚ್ಚಿದ್ದಕ್ಕ ಅವರ ಮನಿ ಭಾರ ಇಳದು ಬಂತೋ, ಅದನ್ನ ಬ್ಯಾರೆ ಮಾಡಿ ಹೇಳಲಿಕ್ಕೆ ನನಗೀಗ ಆಗೂದಿಲ್ಲ.”

“ನನಗೂ ಆಗೂದಿಲ್ರಿ.”

ಮಾನಸಿ ಬೇವಿನ ಬೇರಿನ ಮೇಲೆ ಕೂತು ಕಾಲಿನ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯತೊಡಗಿದಳು. “ನಮ್ಮ ಲೆಕ್ಕದಾಗ ಏನದ ಅಂದ್ರ, ನಿಮ್ಮ ಗೌರವಧನ, ಹೆಣ್ಣಮಕ್ಕಳ ಚಹಾ-ಚೂಡಾ, ತರಬೇತಿ, ನನ್ನ ಪೆಟ್ರೋಲು. ಮುಗೀತು. ಅಷ್ಟರ ಮ್ಯಾಲೆ ಲೆಕ್ಕಾ ಹಾಕಿದ್ರ ಒಬ್ಬ ಹೆಣ್ಣಮಗಳ ಸಮಾಧಾನ ತಲಿಶೂಲಿ ಗುಳಿಗಿಗಿಂತ ಸಸ್ತಾ ಬಿದ್ದದ. ದೇಣಿಗಿ ಕೊಡವರಿಗೆ ಅದನ್ನ ನೋಡಿ ಭಾಳ ಖುಷಿ. ಮುಂದಿನ ವರ್ಷ ನಲವತ್ತು ಊರಾಗ ಮಾಡೂಣು, ಇದ ಖರ್ಚಿನಾಗ, ಇದ ಊರಿನಂಗ ಅಂತಾರ. ಉಳದ ಸಖಿಯರಿಗೆ ಕಲಸಾಕಿ ನೀವ ಅಂತ ಮಾಡ್ಯಾರ.”

“ಮತ್ತ ನಮ್ಮೂರಿಂದು?”

“ಅದೂ ನಡೀಬೇಕು. ನೀವ ನಡಸಬೇಕು.”

ದ್ರಾಕ್ಷಾಯಿಣಿ ಹೊಲದ ಕಡೆ ನೋಡಿದಳು. ಅತ್ತೆ ಸೊಸೆ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು.

“ನಿಮ್ಮ ದುಡಿಮಿನೂ ಸೇರಿಸಿ ಬರದ್ರ” ಎಂದು ಮಾನಸಿ ಮುಂದುವರಿಸಿದಳು, “ಖರ್ಚು ಎಷ್ಟೋ ಪಟ್ಟು ಮ್ಯಾಲ ಹೋಗ್ತದ. ಆಗ ನಲವತ್ತು ಊರೂ ಇಲ್ಲ. ಇಲ್ಲೀದೂ ನಿಂತರ ನಿಂತೀತು. ನಿಮ್ಮ ಗೌರವಧನ ಹೋಗ್ತದ. ಅದಕ್ಕ ನಿಮ್ಮನ್ನ ಕೇಳದ ಬರೀಬಾರದು ಅನಿಸ್ತು.”

“ಬರೀದಿದ್ರ?”

“ಬರೀದಿದ್ರ, ಉಳದ ಊರಿನವರಿಗೆ ಕೇಳ್ತಾರ. ಆ ಊರಾಗ ಅಷ್ಟು ಸಸ್ತಾದಾಗ ಭವನ ತುಂಬತದ, ನಿಮ್ಮಲ್ಲಿ ಯಾಕ ತುಂಬೂದಿಲ್ಲ ಅಂತ.”

ಅದು ಆಗಲೇ ಶುರುವಾಗಿತ್ತು. ಮಾಶಾಬಿ ಎಂಬ ಇನ್ನೊಂದು ಊರಿನ ಸಖಿ ತರಬೇತಿಯಲ್ಲಿ ಗೆಳತಿಯಾಗಿದ್ದಳು. ಮೊನ್ನೆ ಫೋನು ಮಾಡಿ, “ನೀ ಹೆಂಗ ಕೂಡಸ್ತಿ ಹೇಳ ಯಕ್ಕಾ, ನನಗ ದಿನಾ ಮಾತು ಹತ್ತಾಕತ್ತಾವು” ಎಂದು ಅತ್ತಿದ್ದಳು. ಪ್ರೀತಿಯಿಂದ ಕರೀಬೇಕು ಎಂದಷ್ಟೇ ಹೇಳಿ ದ್ರಾಕ್ಷಾಯಿಣಿ ಫೋನು ಇಟ್ಟಿದ್ದಳು.

ಗೌರವಧನ ಹೋದರೆ ಮತ್ತೆ ಉದ್ರಿ. ಇದ್ದರೆ ಮತ್ತೆ ಕಳೆ, ಕಡಲೆ, ಜೋಳ. ಒಂದು ವರ್ಷದಲ್ಲಿ ಅವಳು ತನ್ನ ಹೊಲದಲ್ಲಿ ನಿಂತದ್ದಕ್ಕಿಂತ ಊರವರ ಹೊಲದಲ್ಲಿ ಬಾಗಿದ್ದೇ ಹೆಚ್ಚು. ವಾರದ ಆ ಒಂದು ತಾಸು ಭವನದಲ್ಲಿ ಎಲ್ಲರ ಮುಂದೆ ಕೂತು ಕಣ್ಣು ಮುಚ್ಚಿ ಉಸಿರು ನೋಡಿಕೊಳ್ಳಿರಿ ಎಂದು ಹೇಳಿ ತಾನೂ ಕಣ್ಣು ಮುಚ್ಚಿದರೆ ನಿದ್ದೆ ಬರುತ್ತಿತ್ತು. ಎರಡು ಸಲ ಗೋಡೆಗೆ ತಲೆ ಬಡಿದುಕೊಂಡಿದ್ದಳು. ಹೆಂಗಸರು ಅದನ್ನು ಧ್ಯಾನ ಎಂದುಕೊಂಡಿದ್ದರು.

“ಬರೀರಿ” ಎಂದಳು.

“ವಿಚಾರ ಮಾಡ್ರಿ. ನಾಳಿ ಹೇಳಿದ್ರೂ ನಡೀತದ.”

“ನಾಳಿ ಕೇಳಿದ್ರ ಬ್ಯಾಡ ಅಂದೇನು. ಈಗ ಬರೀರಿ.”

ಅದಕ್ಕೆ ಧೈರ್ಯವೇನೂ ಬೇಕಾಗಿರಲಿಲ್ಲ. ಬೇಡ ಎನ್ನಲು ಬೇಕಾದ ತ್ರಾಣ ಅವಳಲ್ಲಿ ಉಳಿದಿರಲಿಲ್ಲ, ಅಷ್ಟೇ.

ಮಾನಸಿ ಎದ್ದಳು. “ನಿಮ್ಮ ಹೊಲದ್ದು ಆತೇನು?” ಎಂದು ಕೇಳಿದಳು. ಆಗಿಲ್ಲವೆಂದು ತಿಳಿದ ಮೇಲೆ, “ಎರಡು ಆಳು ಹಚ್ಚೂದಿದ್ರ ನಾ ಕೊಡ್ತೀನಿ” ಎಂದಳು.

“ಆಳ ಇಲ್ರಿ ಅಕ್ಕೋರ. ರೊಕ್ಕದ ಮಾತಲ್ಲ. ನೀವು ಲಗೂ ಹೋಗ್ರಿ, ಮೋಡ ಹಾಕೇತಿ, ಹಾದ್ಯಾಗ ತೋಯ್ತೀರಿ.”

ಮಾನಸಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದ ಹಾದಿಯಲ್ಲೇ ಹೋದಳು.

ಗಾಳಿ ತಿರುಗಿತ್ತು. ಮೂಡಣದಲ್ಲಿ ಮೋಡ ತಳ ಹಿಡಿದ ಪಾತ್ರೆಯ ಬಣ್ಣಕ್ಕೆ ಬಂದಿತ್ತು. ದ್ರಾಕ್ಷಾಯಿಣಿ ಮತ್ತೆ ಸಾಲಿಗೆ ಬಂದು ನಾಲ್ಕಾರು ಗಿಡ ಬಿಡಿಸಿದಳು. ಫಕೀರವ್ವನ ಹೊಲ ಇನ್ನೂ ಅರ್ಧ ಉಳಿದಿತ್ತು. ಸಂಜೆಯವರೆಗೆ ಬಾಗಿದರೆ ಈ ಮನೆಯದು ತೀರುತ್ತದೆ. ಹಳ್ಳದ ಆಚೆ ತನ್ನ ಹೊಲ ಇಲ್ಲಿಂದಲೇ ಕಾಣುತ್ತಿತ್ತು, ಸುತ್ತ ಬಿಡಿಸಿ ಮುಗಿಸಿದ ಹೊಲಗಳ ನಡುವೆ ಅದೊಂದೇ ಕರ್ರಗೆ.

ಅವಳು ಕಾಯಿ ಹಾಕಲು ಹಾಸಿದ್ದ ತಾಡಪತ್ರಿಯ ಹತ್ತಿರ ಹೋಗಿ ಉಡಿ ಬಿಚ್ಚಿ ಕಾಯಿ ಸುರಿದಳು. ಸೆರಗು ಜಾಡಿಸಿದಳು.

“ಅತ್ತಿ, ನಾ ನಮ್ಮ ಹೊಲಕ್ಕ ಹೊಂಟೆ.”

“ಈಗ? ಇನ್ನ ಅರ್ಧಾ ಹೊಲಾ ಐತಲ್ಲ.”

“ಹೌದು.”

“ಇವತ್ತ ತೀರಸ್ತೇನಿ ಅಂದಿದ್ದಿ.”

“ಅರ್ಧಾ ದಿನದ್ದು ತೀರೇತಿ. ಅರ್ಧಾ ಉಳೀಲಿ.”

“ಉಳೀಲಿ ಅಂದ್ರ? ಎಂದ ಬರ್ತಿ?”

“ಗೊತ್ತಿಲ್ಲತ್ತಿ.”

ಫಕೀರವ್ವ ಕೈಯಲ್ಲಿದ್ದ ಕಾಯಿ ಹಿಡಿದುಕೊಂಡೇ ನಿಂತಳು. ಈ ಊರಲ್ಲಿ ಮುಯ್ಯಿಗೆ ನಾಳೆ ಎನ್ನುತ್ತಾರೆ, ಸೋಮವಾರ ಎನ್ನುತ್ತಾರೆ, ಹಬ್ಬ ಆದ ಮೇಲೆ ಎನ್ನುತ್ತಾರೆ. ಗೊತ್ತಿಲ್ಲ ಎಂದವರನ್ನು ಅವಳು ಕಂಡಿರಲಿಲ್ಲ.

“ಮತ್ತ ಈಗ ಆ ಅಕ್ಕೋರ ಮುಂದ ಕುಂತದ್ದು? ಸಾಲು ಬಿಟ್ಟು ಇಬ್ಬರು ಹೋಗಿ ಕುಂತೇವಿ. ಅದ್ಯಾರ ಲೆಕ್ಕಕ್ಕ?”

“ಅದು ಅಕ್ಕೋರದು. ಅವರನ್ನ ಕೇಳು.”

“ಅಕಿ ಕೈಯಾಗ ಬಿಡಸಾಕ ಕೊಟ್ರ ಗಿಡಾನ ಕಿತ್ತ ಕೊಟ್ಟಾಳು” ಎಂದಳು ಫಕೀರವ್ವ. ಯಾರೂ ನಗಲಿಲ್ಲ. ಅವಳ ದನಿ ಏರಿತು. “ಹಂಗಾರ ನಾನೂ ಹೇಳಿಬಿಡ್ತೇನಿ. ಮುಂದಿನ ವಾರ ನಿನ್ನ ಸಾಲಿಗೆ ನಾ ಬರೂದಿಲ್ಲ.”

“ಬರಬ್ಯಾಡತ್ತಿ.”

ಹೇಳಿ ಮುಗಿಸಿ ದ್ರಾಕ್ಷಾಯಿಣಿ ತನ್ನ ಚೀಲ, ಮಳೆಗೆಂದು ತಂದಿದ್ದ ಪ್ಲಾಸ್ಟಿಕ್ ಹಾಳೆ, ಬುತ್ತಿ ಗಂಟು ಎತ್ತಿಕೊಂಡಳು. ಒಳಗೆ ರೊಟ್ಟಿ ಹಾಗೇ ಇದ್ದವು. ಬದು ಹತ್ತುವಾಗ ಹಿಂದಿನಿಂದ ಸಂಗವ್ವ ಅತ್ತೆಗೆ ಕೇಳದ ಹಾಗೆ ಕರೆದಳು.

“ಯಕ್ಕಾ, ವಾರಾ ಕೂಡೂದೈತಿಲ್ಲ?”

“ಐತೋ ಇಲ್ಲೋ. ಈಗೇನೂ ಕೇಳಬ್ಯಾಡ ಸಂಗವ್ವ.”

ಹಳ್ಳದಲ್ಲಿ ನೀರು ಮೊಣಕಾಲಿನವರೆಗಿತ್ತು. ಅವಳು ಸೀರೆ ಎತ್ತಿ ಕಟ್ಟಿ ದಾಟಿದಳು. ತನ್ನ ಹೊಲದ ಅಂಚಿನಲ್ಲಿ ಬುತ್ತಿ ಇಟ್ಟು, ಚೀಲವೊಂದನ್ನು ಹಾಸಿ, ದಂಡೆಯ ಸಾಲಿನಿಂದ ಶುರು ಮಾಡಿದಳು. ಬಿಸಿಲಿನ ಝಳಕ್ಕೆ ಕಾಯಿ ಮುಟ್ಟಿದರೆ ಒಡೆಯುತ್ತಿದ್ದವು, ಅರ್ಧ ಉಡಿಗೆ, ಅರ್ಧ ನೆಲಕ್ಕೆ. ಸಾವಕಾಶ ಬಿಡಿಸಿದರೆ ನೆಲಕ್ಕೆ ಬೀಳುವುದು ಕಡಿಮೆ, ಆದರೆ ಮೋಡ ಸಾವಕಾಶ ಬರುತ್ತಿರಲಿಲ್ಲ. ಅವಳು ಲಗೂ ಬಿಡಿಸಿದಳು. ಯಾರ ಸಾಲಿನ ಜೊತೆಗೂ ಸಾಲು ಕೂಡಿಸುವುದಿರಲಿಲ್ಲ. ಸೊಂಟ ಹಿಡಿದಾಗ ಮೊಣಕಾಲೂರಿ ಬಿಡಿಸಿದಳು, ಮೊಣಕಾಲು ನೊಂದಾಗ ಎದ್ದು ಬಾಗಿದಳು.

ಮಳೆ ಬಂದಾಗ ಹೊಲದ ಮೂರರಲ್ಲಿ ಒಂದು ಪಾಲೂ ಮುಗಿದಿರಲಿಲ್ಲ. ಬಿಡಿಸಿದ್ದನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅದರ ಮೇಲೆ ತಾನು ಹೊದ್ದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ತೋಯಿಸಿಕೊಳ್ಳುತ್ತ ಪಕ್ಕದಲ್ಲಿ ಕೂತಳು. ಕೂತಲ್ಲೇ ಬುತ್ತಿ ಬಿಚ್ಚಿ ಒಂದು ರೊಟ್ಟಿ ತಿಂದಳು. ಹನಿ ಬಿದ್ದು ರೊಟ್ಟಿ ಮೆತ್ತಗಾಗಿತ್ತು. ಬೆಳಗಿನಿಂದ ಅವಳು ಕೂತದ್ದು ಅದೇ ಮೊದಲು. ಕೂತ ಮೇಲೆ ಬಹಳ ಹೊತ್ತು ಏಳಲಿಲ್ಲ.

ಮಳೆ ಆ ವಾರ ಬಿಡಲಿಲ್ಲ. ಹೊಲದಲ್ಲಿ ಉಳಿದ ಹೆಸರು ಗಿಡದಲ್ಲೇ ಮೊಳಕೆಯೊಡೆಯಿತು, ಎಮ್ಮೆಗೆ ಹಾಕಿದರು. ಬಿಡಿಸಿದ್ದನ್ನು ಮನೆಯ ಪಡಸಾಲೆಯಲ್ಲಿ ಹರವಿ ಒಣಗಿಸಿ ಮೈಲಾರಪ್ಪ ಅಮರಗೋಳಕ್ಕೆ ಒಯ್ದ. ಮಾನಸಿ ತಾನು ಕಂಡದ್ದನ್ನು ಕಂಡ ಹಾಗೆ ಬರೆದಳು. ದಸರೆ ಕಳೆದ ಮೇಲೆ ಸಂಸ್ಥೆಯವರು ಫೋನು ಮಾಡಿ, ಸದ್ಯಕ್ಕೆ ಬಳಗ ನಿಲ್ಲಿಸುತ್ತಿದ್ದೇವೆ, ನಿಮ್ಮ ಸೇವೆ ದೊಡ್ಡದು ಎಂದರು. ಕಡೆಯ ಗೌರವಧನ ತಡವಾಗಿ ಬಂತು. ಭವನದ ಬೀಗದ ಕೈಯನ್ನು ದ್ರಾಕ್ಷಾಯಿಣಿ ಪಂಚಾಯತಿಗೆ ಕೊಟ್ಟು ಬಂದಳು.

ಉಳಿದವರ ಹೊಲಕ್ಕೆ ಕೊಡಬೇಕಾದದ್ದನ್ನು ಅವಳು ಹಿಂಗಾರಿ ಬಿತ್ತನೆಯೊಳಗೆ ಒಂದೊಂದಾಗಿ ದುಡಿದು ಮುಗಿಸಿದಳು. ಫಕೀರವ್ವನ ಅರ್ಧ ದಿನಕ್ಕೆ ಮಾತ್ರ ಹೋಗಲಿಲ್ಲ. ಹೋಗಬಾರದೆಂದು ಹಟ ಹಿಡಿದದ್ದೇನೂ ಅಲ್ಲ. ಬೆಳಿಗ್ಗೆ ಎದ್ದು ಅತ್ತ ಹೋಗೋಣವೆಂದುಕೊಂಡರೆ ಕಾಲು ಬರುತ್ತಿರಲಿಲ್ಲ.

ಫಕೀರವ್ವನೂ ಬಿಡಲಿಲ್ಲ. ನಳದ ಮುಂದೆ ಕೊಡ ಇಟ್ಟು ಪಾಳಿ ಕಾಯುವಾಗ, “ನಂದ ಅರ್ಧಾ ದಿನ” ಎನ್ನುವಳು.

“ಐತತ್ತಿ.”

“ಎಂದ?”

“ಐತಿ ಅಂದ್ನೆಲ್ಲ” ಎಂದು ದ್ರಾಕ್ಷಾಯಿಣಿ ತನ್ನ ಕೊಡ ತುಂಬಿಸಿ, ಸೊಂಟಕ್ಕೆ ಇಟ್ಟುಕೊಂಡು ಮನೆಯ ಕಡೆ ನಡೆಯುವಳು.